ಗಾಲ್ಫ್‌ಗೆ ಇಷ್ಟು ದುಡ್ಡು ಯಾಕೆ ಬೇಕು? ಕಲಬುರಗಿ ಬಿಸಿಲಲ್ಲಿ ಹಸಿರಿನ ಲೆಕ್ಕ

ಎರೆಮಣ್ಣಿನವ (ಕಲಬುರಗಿ)

ಎಲ್ಲರಿಗೂ ಶರಣು ಶರಣಾರ್ಥಿ.

ನಮ್ಮ ಊರಲ್ಲಿ ಗಾಲ್ಫ್ ಮಾತು ಎತ್ತಿದರೆ ಮಂದಿ ನಗುತ್ತಾರೆ, ಗೊತ್ತು. ಆದರೂ ಕೇಳುತ್ತೇನೆ. ಹೈದರಾಬಾದ್‌ನಲ್ಲಿ ನೌಕರಿ ಮಾಡುವಾಗ ಈ ಆಟದ ಹುಚ್ಚು ಹತ್ತಿತು. ಈಗ ಊರಿಗೆ ಬಂದು ನೆಲೆಸಿದ್ದೇನೆ, ಹುಚ್ಚು ಮಾತ್ರ ಹೋಗಿಲ್ಲ. ಆಡಬೇಕು ಅಂದರೆ ಇನ್ನೂರು ಕಿಲೋಮೀಟರ್ ದಾಟಿ ಅಲ್ಲಿಗೇ ಹೋಗಬೇಕು. ಡೀಸೆಲ್, ಊಟ, ಬ್ಯಾಗ್ ಹೊರುವ ಕ್ಯಾಡಿ, ಆಡಲು ಕೊಡುವ ಗ್ರೀನ್ ಫೀ ಎಲ್ಲ ಸೇರಿದರೆ ಮನೆಯಲ್ಲಿ ಲೆಕ್ಕ ಹೇಳಲು ಧೈರ್ಯ ಸಾಲುವುದಿಲ್ಲ.

ನಾವು ಹೋಗುವ ಒಂದು ಕಡೆ ಈಚೆಗೆ ಫೀ ಮತ್ತೆ ಏರಿಸಿದರು. ಗ್ರೀನ್‌ಗಳನ್ನು (ಬಾಲ್ ಬೀಳಿಸುವ ಹೋಲ್ ಸುತ್ತಲಿನ ನುಣುಪು ಹುಲ್ಲಿನ ಜಾಗ) ಹೊಸದಾಗಿ ಹಾಕಿದ್ದೇವೆ, ಹೊಸ ಮಷಿನ್ ತಂದಿದ್ದೇವೆ ಅಂತ ಕಾರಣ ಕೊಟ್ಟರು. ನಮ್ಮ ವಾಟ್ಸಾಪ್ ಗುಂಪಿನಲ್ಲಿ ಗಲಾಟೆಯೋ ಗಲಾಟೆ. ತಮಾಷೆ ಏನೆಂದರೆ, ಫೀ ಜಾಸ್ತಿ ಆಯ್ತು ಅಂತ ಬೆಳಿಗ್ಗೆ ಬೈದವರೇ ಸಂಜೆ ಗ್ರೀನ್ ನಿಧಾನ ಇದೆ, ಬಂಕರ್ ಗುಂಡಿಯಲ್ಲಿ ಮರಳು ಕಡಿಮೆ ಇದೆ, ಗ್ರೀನ್‌ವರೆಗಿನ ಹುಲ್ಲಿನ ದಾರಿ ಫೇರ್‌ವೇ ಅಲ್ಲಲ್ಲಿ ಒಣಗಿದೆ ಅಂತ ಫೋಟೋ ಹಾಕುತ್ತಾರೆ. ಹಾಗಾದರೆ ಈ ಬೆಲೆ ಏರಿಸುತ್ತಿರುವವರು ಯಾರು? ಕ್ಲಬ್ಬಿನವರಾ, ನಾವೇನಾ?

ಇನ್ನೊಂದು ಮಾತು. ಇಲ್ಲಿ ನಾವು ಕೆಲವರು ಸೇರಿ ಊರ ಹೊರಗಿನ ಬೀಳು ಜಮೀನಿನಲ್ಲಿ ಆರು ಹೋಲ್‌ಗಳ ಸಣ್ಣ ಜಾಗ ಮಾಡೋಣ ಅಂತ ಮಾತಾಡುತ್ತಿದ್ದೇವೆ. ಕ್ಲಬ್ಬು, ಬಾರು ಏನೂ ಇಲ್ಲ. ಬರೀ ಆಟ. ಇದು ಆಗುವ ಮಾತಾ? ತಿಳಿದವರು ಹೇಳಿ.

ತೊಗರಿ ಕಣ

ಬೇಸಿಗೆಯಲ್ಲಿ ಟ್ಯಾಂಕರ್ ಬಂತು ಅಂದರೆ ಕೊಡ ಹಿಡಿದು ಓಡುವ ಊರಲ್ಲಿ ಹುಲ್ಲಿಗೆ ನೀರು ಬಿಟ್ಟು ಚೆಂಡು ಉರುಳಿಸುತ್ತೀರಾ? ಬೇರೆ ಕೆಲಸ ಇಲ್ವಾ ಅಣ್ಣಾ?

ಹುಲ್ಲು ಮೇಸ್ತ್ರಿ (ಊರು ಚಿಂಚೋಳಿ, ಈಗ ಬೆಂಗಳೂರು)

ತೊಗರಿ ಕಣ ಅವರೇ, ನಿಮ್ಮ ಸಿಟ್ಟು ಸರಿಯೇ ಇದೆ. ಆ ಮಾತಿಗೆ ಆಮೇಲೆ ಬರುತ್ತೇನೆ. ನಾನು ಗಾಲ್ಫ್ ಕೋರ್ಸ್‌ನಲ್ಲಿ ಹುಲ್ಲು ನೋಡಿಕೊಳ್ಳುವ ಕೆಲಸ ಮಾಡುವವನು. ಎರೆಮಣ್ಣಿನವರ ಮೊದಲ ಪ್ರಶ್ನೆಗೆ ಉತ್ತರ: ಹೌದು ಸರ್, ನೀವೇ.

ಒಂದು ಸಣ್ಣ ಸಾಮಾನಿನ ಕಥೆ ಹೇಳುತ್ತೇನೆ. ಸ್ಟಿಂಪ್‌ಮೀಟರ್ ಅಂತ. ಮೂರಡಿ ಉದ್ದದ ಅಲ್ಯೂಮಿನಿಯಂ ಪಟ್ಟಿ, ನಡುವೆ ಕಾಲುವೆ. ಅದರ ಮೇಲೆ ಬಾಲ್ ಇಟ್ಟು ಒಂದು ತುದಿ ಮೆಲ್ಲಗೆ ಎತ್ತುವುದು. ಬಾಲ್ ತಾನೇ ಜಾರಿ ಗ್ರೀನ್ ಮೇಲೆ ಎಷ್ಟು ಅಡಿ ಉರುಳಿತೋ ಅದೇ ಆ ಗ್ರೀನಿನ ವೇಗ. 1935ರಲ್ಲಿ ಅಮೆರಿಕದ ಓಕ್‌ಮಾಂಟ್ ಕೋರ್ಸ್‌ನಲ್ಲಿ ಯುಎಸ್ ಓಪನ್ ಟೂರ್ನಿ ನೋಡಿ ಬಂದ ಎಡ್ವರ್ಡ್ ಸ್ಟಿಂಪ್ಸನ್ ಇದನ್ನು ಮಾಡಿದರು. 1978ರಲ್ಲಿ ಅಮೆರಿಕದ ಗಾಲ್ಫ್ ಸಂಸ್ಥೆ ಇದನ್ನು ಕೋರ್ಸ್ ನೋಡಿಕೊಳ್ಳುವವರ ಕೈಗೆ ಕೊಟ್ಟಿತು. ಒಂದೇ ಕೋರ್ಸ್‌ನ ಹದಿನೆಂಟು ಗ್ರೀನ್‌ಗಳೂ ಒಂದೇ ಥರ ಇರಲಿ ಅನ್ನುವುದಷ್ಟೇ ಅದರ ಉದ್ದೇಶ. ಆದದ್ದು ಬೇರೆ. ನಿಮ್ಮದು ಎಷ್ಟು, ನಮ್ಮದು ಎಷ್ಟು ಅಂತ ಕ್ಲಬ್ ಕ್ಲಬ್ ನಡುವೆ ಪೈಪೋಟಿ ಶುರುವಾಯಿತು. ಆ ಕಾಲದಲ್ಲಿ ಅಮೆರಿಕದ ಕೋರ್ಸ್‌ಗಳನ್ನು ಅಳೆದಾಗ ಸರಾಸರಿ ಆರೂವರೆ ಅಡಿ ಆಸುಪಾಸು ಇತ್ತು. ಈಗ ಹತ್ತಕ್ಕಿಂತ ಕೆಳಗಿದ್ದರೆ ಮೆಂಬರ್‌ಗಳು ಮುಖ ಸಿಂಡರಿಸುತ್ತಾರೆ.

ಆ ಮೂರೂವರೆ ಅಡಿ ಹೆಚ್ಚಿಸಲು ಏನು ಬೇಕು ಗೊತ್ತಾ? ಹಿಂದೆ ಹುಲ್ಲನ್ನು ಆರು ಮಿಲಿಮೀಟರ್ ಎತ್ತರಕ್ಕೆ ಕತ್ತರಿಸುತ್ತಿದ್ದರು. ಈಗ ಮೂರು, ಕೆಲವು ಕಡೆ ಅದಕ್ಕೂ ಕಡಿಮೆ. ಎಲೆ ಕಡಿಮೆಯಾದರೆ ಹುಲ್ಲಿಗೆ ಊಟ ಕಡಿಮೆ. ಊಟ ಕಡಿಮೆಯಾದರೆ ಬೇರು ಆಳಕ್ಕೆ ಹೋಗುವುದಿಲ್ಲ. ಬೇರು ಮೇಲೇ ಇದ್ದರೆ ಮಧ್ಯಾಹ್ನದ ಬಿಸಿಲಿಗೇ ಬಾಡುತ್ತದೆ, ಹಾಗಾಗಿ ಮತ್ತೆ ಮತ್ತೆ ನೀರು ಚಿಮುಕಿಸಬೇಕು. ತೇವ ನಿಂತರೆ ಬೂಷ್ಟು ರೋಗ. ರೋಗ ಬಂದರೆ ಔಷಧಿ. ಇಷ್ಟು ಗಿಡ್ಡ ಕತ್ತರಿಸಲು ಸಾಮಾನ್ಯ ಮಷಿನ್ ನಡೆಯುವುದಿಲ್ಲ. ಸಿಲಿಂಡರ್ ಮೋವರ್ ಬೇಕು, ಅದರ ಬ್ಲೇಡ್ ಕೂದಲೆಳೆಯಷ್ಟು ಆಚೀಚೆ ಆಗಬಾರದು, ಸಾಣೆ ಹಿಡಿಯಲು ಬೇರೆ ಮಷಿನ್, ಬಿಡಿಭಾಗ ಹೊರದೇಶದಿಂದ ಬರಬೇಕು. ಇದರ ಮೇಲೆ ರೋಲಿಂಗ್, ಮರಳು ಉದುರಿಸುವುದು, ನೆಲಕ್ಕೆ ತೂತು ಹೊಡೆದು ಗಾಳಿಯಾಡಿಸುವುದು. ಗ್ರೀನ್‌ಗಳೆಲ್ಲ ಸೇರಿದರೆ ಮೂರು ಎಕರೆ ಆಸುಪಾಸು. ಅಷ್ಟೇ ಜಾಗ ಅರ್ಧ ಬಜೆಟ್ ನುಂಗುತ್ತಿದೆ ಅನಿಸುತ್ತದೆ ಒಮ್ಮೊಮ್ಮೆ.

ಆರಕ್ಕೆ ಕತ್ತರಿಸಿ ಬಿಟ್ಟರೆ ನನ್ನ ಕೆಲಸ ಎಷ್ಟೋ ಹಗುರ. ಆದರೆ ಮರುದಿನವೇ ಕಮಿಟಿಗೆ ದೂರು ಹೋಗುತ್ತದೆ.

ಎನ್‌ವಿ ಗ್ರೌಂಡ್ ಓಪನರ್

ಮೇಸ್ತ್ರಿ ಅಣ್ಣಾ, ನಮ್ಮ ಕ್ರಿಕೆಟ್ ಪಿಚ್‌ಗೆ ಎರೆಮಣ್ಣು ತಂದು ಹಾಕಿ, ನೀರು ಹೊಡೆದು, ರೋಲರ್ ಓಡಿಸಿದರೆ ಸಿಮೆಂಟ್ ಥರ ಗಟ್ಟಿಯಾಗುತ್ತದೆ. ಅಂಥ ಮಣ್ಣು ನಮ್ಮಲ್ಲಿ ಬೇಕಾದಷ್ಟಿದೆ. ಗಾಲ್ಫ್ ಗ್ರೀನ್ ಕೂಡ ಅದರಲ್ಲೇ ಮಾಡಬಹುದಲ್ವಾ? ಮರಳು ಯಾಕೆ?

ಹುಲ್ಲು ಮೇಸ್ತ್ರಿ

ಅಲ್ಲೇ ಇದೆ ತೊಡಕು. ಪಿಚ್‌ಗೆ ಬೇಕಾದದ್ದು ಗಟ್ಟಿತನ. ಗ್ರೀನ್‌ಗೆ ಬೇಕಾದದ್ದು ನೀರು ಬಸಿದು ಹೋಗುವ ಗುಣ. ಎರೆಮಣ್ಣು ಮಳೆಗೆ ಉಬ್ಬುತ್ತದೆ, ಬಿಸಿಲಿಗೆ ಕುಗ್ಗಿ ಬಿರಿಯುತ್ತದೆ. ಇವತ್ತು ಮಟ್ಟ ಮಾಡಿದ ನೆಲ ಮುಂದಿನ ವರ್ಷ ಅಲೆ ಅಲೆ ಆಗಿರುತ್ತದೆ. ಕಲಬುರಗಿಯಲ್ಲಿ ಮನೆ ಕಟ್ಟಿದವರನ್ನು ಕೇಳಿ, ಪಾಯಕ್ಕೆ ಎಷ್ಟು ಸುರಿದರು ಅಂತ.

ಅದಕ್ಕೇ 1960ರಿಂದ ಅಮೆರಿಕದವರ ಒಂದು ಮಾದರಿ ಇದೆ. ಕೆಳಗೆ ನೀರು ಹೋಗುವ ಪೈಪು, ಅದರ ಮೇಲೆ ನಾಲ್ಕು ಇಂಚು ಜಲ್ಲಿ, ಅದರ ಮೇಲೆ ಒಂದಡಿ ಜರಡಿ ಹಿಡಿದ ಮರಳಿನ ಮಿಶ್ರಣ. ಹುಲ್ಲು ಬೆಳೆಯುವುದು ಈ ಮರಳಿನಲ್ಲಿ. ಮಳೆ ನಿಂತ ಸ್ವಲ್ಪ ಹೊತ್ತಿಗೇ ಆಡಬಹುದು. ಆದರೆ ಮರಳು ನೀರನ್ನೂ ಹಿಡಿಯುವುದಿಲ್ಲ, ಗೊಬ್ಬರವನ್ನೂ ಹಿಡಿಯುವುದಿಲ್ಲ. ಎರಡನ್ನೂ ಸ್ವಲ್ಪ ಸ್ವಲ್ಪ ಕೊಡುತ್ತಲೇ ಇರಬೇಕು. ಒಂದು ಗ್ರೀನ್‌ಗೆ ಎಷ್ಟು ಟಿಪ್ಪರ್ ಮರಳು ಬೇಕು ಅಂತ ಲೆಕ್ಕ ಹಾಕಿ ನೋಡಿ. ಈಗಿನ ಮರಳಿನ ರೇಟು ನಿಮಗೇ ಗೊತ್ತು.

ಕೋಟೆ ಓಣಿ (ಬೀದರ್)

ನಮ್ಮ ಬೀದರಿನ ಕೆಂಪು ನೆಲದಲ್ಲಿ ಉಬ್ಬುವ, ಬಿರಿಯುವ ತಾಪತ್ರಯ ಇಲ್ಲ. ನೀರು ಸರ್ರನೆ ಇಳಿದು ಹೋಗುತ್ತದೆ. ಆ ಕಲ್ಲನ್ನೇ ಕೊರೆದು ಬಹಮನಿ ಕಾಲದಲ್ಲಿ ಸುರಂಗ ಬಾವಿ ಮಾಡಿದ್ದು. ನೌಬಾದ್ ಕಡೆಗೆ ಬಂದರೆ ನೋಡಬಹುದು. ಇದು ಹೊಗಳಿಕೆಗೆ ಹೇಳಿದ್ದಲ್ಲ. ನೀರನ್ನು ಅಷ್ಟು ಕಷ್ಟಪಟ್ಟು ತಂದ ಊರು ನಮ್ಮದು ಅಂತ ಹೇಳಿದೆ ಅಷ್ಟೇ.

ನನ್ನ ಅನಿಸಿಕೆ: ಇದಕ್ಕೆಲ್ಲ ಟಿವಿ ಕಾರಣ. ಏಪ್ರಿಲ್ ಬಂದರೆ ಅಮೆರಿಕದ ಅಗಸ್ಟಾದ ಮಾಸ್ಟರ್ಸ್ ಟೂರ್ನಿ ನೋಡುತ್ತೇವೆ. 1966ರಲ್ಲಿ ಅದನ್ನು ಮೊದಲ ಸಲ ಬಣ್ಣದಲ್ಲಿ ತೋರಿಸಿದರು. ಅಂದಿನಿಂದ ಗಾಲ್ಫ್ ಕೋರ್ಸ್ ಅಂದರೆ ಹೀಗೇ ಇರಬೇಕು ಅಂತ ಜಗತ್ತಿನ ತಲೆಯಲ್ಲಿ ಕೂತುಬಿಟ್ಟಿತು. ಒಂದು ಒಣ ಎಲೆ ಕಾಣಬಾರದು, ಒಂದು ಕಂದು ಚುಕ್ಕೆ ಇರಬಾರದು. ಅಲ್ಲಿ ಗ್ರೀನ್‌ಗಳ ಅಡಿಯಲ್ಲಿ ಗಾಳಿ ಎಳೆಯುವ, ಊದುವ ಯಂತ್ರ ಇದೆ. ಮಳೆ ಬಂದರೆ ತೇವವನ್ನು ಕೆಳಗಿನಿಂದಲೇ ಹೀರಿಕೊಳ್ಳುತ್ತದೆ. ಇದನ್ನು ಯಾರೂ ಹೇಳುವುದಿಲ್ಲ. ಇನ್ನೊಂದನ್ನೂ ಹೇಳುವುದಿಲ್ಲ, ಬೇಸಿಗೆ ಪೂರ್ತಿ ಆ ಕ್ಲಬ್ ಬಾಗಿಲು ಹಾಕಿರುತ್ತದೆ! ಮೇ ಕೊನೆಗೆ ಮುಚ್ಚಿದರೆ ಮತ್ತೆ ತೆರೆಯುವುದು ಅಕ್ಟೋಬರ್‌ಗೆ. ನಾವು ನೋಡುವುದು ಅದರ ವರ್ಷದ ಅತಿ ಚೆಂದದ ವಾರ. ಅದನ್ನು ನೋಡಿ ಹೈದರಾಬಾದ್‌ನ ಕೋರ್ಸ್ ಮೇ ತಿಂಗಳಲ್ಲೂ ಹಾಗೇ ಇರಲಿ ಅನ್ನುವುದು, ಮದುವೆ ದಿನದ ಮೇಕಪ್ಪಿನಲ್ಲೇ ದಿನಾ ಸಂತೆಗೆ ಬಾ ಅಂದ ಹಾಗೆ.

ಪಾರ್ ಫೋರ್

ಎಲ್ಲರೂ ಒಂದೇ ಕಡೆ ಮಾತಾಡುತ್ತಿದ್ದೀರಿ. ನಾನು ಬೇರೆ ಹೇಳುತ್ತೇನೆ, ಬೈಯಬೇಡಿ.

ನಾನು ಇಪ್ಪತ್ತು ವರ್ಷದಿಂದ ಆಡುತ್ತಿದ್ದೇನೆ. ಗ್ರೀನ್ ಒರಟಾಗಿದ್ದರೆ ಚೆನ್ನಾಗಿ ಹೊಡೆದವನಿಗೂ ಕೆಟ್ಟದಾಗಿ ಹೊಡೆದವನಿಗೂ ವ್ಯತ್ಯಾಸ ಇರುವುದಿಲ್ಲ. ಪಟ್, ಅಂದರೆ ಗ್ರೀನ್ ಮೇಲೆ ಬಾಲ್ ಉರುಳಿಸುವ ಹೊಡೆತ, ನೇರ ಹೊಡೆದರೂ ಬಾಲ್ ಕುಣಿದು ಪಕ್ಕಕ್ಕೆ ಹೋಗುತ್ತದೆ. ಆಗ ಆಟದಲ್ಲಿ ಏನು ಉಳಿಯಿತು? ಕೆರಂ ಬೋರ್ಡಿಗೆ ಪೌಡರ್ ಹಾಕದೆ ಆಡುತ್ತೀರಾ?

ಇನ್ನು ಖರ್ಚನ್ನು ಪೂರ್ತಿ ಹುಲ್ಲಿನ ತಲೆಗೆ ಕಟ್ಟುವುದೂ ಸರಿಯಲ್ಲ. ಹದಿನೆಂಟು ಹೋಲ್‌ಗೆ 100ರಿಂದ 150 ಎಕರೆ ಬೇಕು. ಬೆಂಗಳೂರು ಗಾಲ್ಫ್ ಕ್ಲಬ್ 1876ರದ್ದು, ಈಗ ಅದು ಊರ ನಟ್ಟ ನಡುವೆ ಇದೆ. ಆ ಜಾಗಕ್ಕೆ ಇವತ್ತು ಬೆಲೆ ಕಟ್ಟಲು ಆಗುತ್ತದಾ? ಇನ್ನು ಈಗಿನ ಬಾಲು, ಡ್ರೈವರ್ (ದೂರ ಹೊಡೆಯುವ ಕೋಲು) ಇವುಗಳಿಂದ ಹೊಡೆತ ಎಷ್ಟು ದೂರ ಹೋಗುತ್ತಿದೆ ಅಂದರೆ ಕೋರ್ಸ್ ಉದ್ದ ಮಾಡುತ್ತಲೇ ಇರಬೇಕು. ಅಗಸ್ಟಾ ಈಗ 7,500 ಗಜ ದಾಟಿದೆ. ಉದ್ದ ಆದಷ್ಟೂ ಹುಲ್ಲು ಜಾಸ್ತಿ, ಪೈಪು ಜಾಸ್ತಿ, ಆಳು ಜಾಸ್ತಿ. ಇದು ಕೈಮೀರುತ್ತಿದೆ ಅಂತಲೇ 2023ರ ಡಿಸೆಂಬರ್‌ನಲ್ಲಿ ನಿಯಮ ಮಾಡುವ ಎರಡು ಸಂಸ್ಥೆಗಳೂ ಬಾಲ್ ಹಾರುವ ದೂರಕ್ಕೆ ಕಡಿವಾಣ ಹಾಕುತ್ತೇವೆ ಅಂದದ್ದು.

ಹೆಸರಿನ ಬೆಲೆಯೂ ಇದೆ. ಅಮೆರಿಕದ ಪೆಬಲ್ ಬೀಚ್ ಕೋರ್ಸ್‌ನಲ್ಲಿ ಒಂದು ಸುತ್ತಿಗೆ 600 ಡಾಲರ್ ದಾಟಿದೆ. ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನ ಓಲ್ಡ್ ಕೋರ್ಸ್‌ನಲ್ಲಿ ಸೀಸನ್‌ನಲ್ಲಿ 300 ಪೌಂಡ್‌ಗಿಂತ ಜಾಸ್ತಿ. ಅಲ್ಲಿ ಹುಲ್ಲೇನೂ ಕಣ್ಣು ಕುಕ್ಕುವಂಥದ್ದಲ್ಲ. ಒಣಗಿದ ಕಾಲದಲ್ಲಿ ಕಂದು ಬಣ್ಣವೇ. ಆದರೂ ಮಂದಿ ಸಾಲಲ್ಲಿ ನಿಲ್ಲುತ್ತಾರೆ.

ಲೆಕ್ಕದ ಟೀಚರ್ (ಸೇಡಂ)

ಪಾರ್ ಫೋರ್ ಸರ್, ಕೊನೆಯ ಸಾಲಿನಲ್ಲಿ ನಿಮ್ಮ ವಾದವನ್ನು ನೀವೇ ಕೆಡವಿದಿರಿ! ಕಂದು ಹುಲ್ಲಿಗೂ ಮಂದಿ ಬರುತ್ತಾರೆ ಅಂದರೆ ಹಸಿರಿಗೆ ಇಷ್ಟು ಒದ್ದಾಟ ಯಾಕೆ?

ನನಗೆ ಗಾಲ್ಫ್ ಗೊತ್ತಿಲ್ಲ. 2021ರಲ್ಲಿ ಅದಿತಿ ಅಶೋಕ್ ಟೋಕಿಯೋ ಒಲಿಂಪಿಕ್ಸ್‌ನಲ್ಲಿ ಪದಕದ ಹತ್ತಿರ ಬಂದು ನಾಲ್ಕನೇ ಸ್ಥಾನಕ್ಕೆ ನಿಂತಾಗ ಬೆಳಿಗ್ಗೆ ಬೆಳಿಗ್ಗೆ ಟಿವಿ ಮುಂದೆ ಕೂತು ನೋಡಿದ್ದಷ್ಟೇ. ಆದರೆ ನೀರಿನ ಲೆಕ್ಕ ಮಾಡಬಲ್ಲೆ. ತೊಗರಿ ಕಣ ಅವರು ಸುಮ್ನೆ ಬೈದದ್ದಲ್ಲ ಅಂತ ತೋರಿಸಲು ಮಾಡುತ್ತಿದ್ದೇನೆ.

ಒಂದು ಚದರ ಮೀಟರ್‌ಗೆ ಒಂದು ಮಿಲಿಮೀಟರ್ ನೀರು ಅಂದರೆ ಒಂದು ಲೀಟರ್. ನಮ್ಮ ಮೇ ತಿಂಗಳ ಬಿಸಿಲಿಗೆ ಹುಲ್ಲಿಗೆ ದಿನಕ್ಕೆ ಐದು ಮಿಲಿಮೀಟರ್ ಹಿಡಿಯೋಣ. ಒಂದು ಎಕರೆಗೆ ಸುಮಾರು 20,000 ಲೀಟರ್ ಆಯಿತು. ದೊಡ್ಡ ಕೋರ್ಸ್‌ನಲ್ಲಿ 60 ಎಕರೆಗೆ ನೀರು ಬಿಡುತ್ತಾರೆ ಅಂದರೆ ದಿನಕ್ಕೆ 12 ಲಕ್ಷ ಲೀಟರ್. ಪಟ್ಟಣದಲ್ಲಿ ತಲೆಗೆ 135 ಲೀಟರ್ ಅನ್ನುವ ಸರ್ಕಾರಿ ಲೆಕ್ಕ ಇದೆಯಲ್ಲ, ಅದರಿಂದ ಭಾಗಿಸಿ. ಹೆಚ್ಚು ಕಡಿಮೆ 8,900 ಜನರ ನೀರು.

ಎರೆಮಣ್ಣಿನವರ ಆರು ಹೋಲ್‌ಗೆ ಬರೋಣ. ಗ್ರೀನ್‌ಗೆ ಮಾತ್ರ ಹುಲ್ಲು, ಒಂದೊಂದು 500 ಚದರ ಮೀಟರ್ ಅಂದರೂ ಒಟ್ಟು 3,000. ದಿನಕ್ಕೆ 15,000 ಲೀಟರ್. ಐದು ಸಾವಿರದ ಟ್ಯಾಂಕರ್ ಮೂರು, ಅದೂ ದಿನಾ. ಈಗ ನೀವೇ ಹೇಳಿ.

ತೊಗರಿ ಕಣ

ಟೀಚರ್ ಅಕ್ಕಾ, ಕೈ ಮುಗಿದೆ.

ಬೆಂಗಳೂರಲ್ಲೇ 2024ರ ಮಾರ್ಚ್‌ನಲ್ಲಿ ಕಾರು ತೊಳೆಯಲು, ಗಿಡಕ್ಕೆ ಹಾಕಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡ ಅಂದಿದ್ದರು. ಇಲ್ಲಿ ಮೂರು ಟ್ಯಾಂಕರ್ ಹುಲ್ಲಿಗೆ ಇಳಿಸಿದರೆ ದಂಡ ಹಾಕುವುದಿಲ್ಲ, ಓಣಿಯವರು ಬಂದು ನಿಲ್ಲುತ್ತಾರೆ.

ಅಂದ ಹಾಗೆ ಆ ದುಬಾರಿ ಹುಲ್ಲು ಯಾವುದು ಮೇಸ್ತ್ರಿ? ವಿದೇಶದ್ದಾ?

ಹುಲ್ಲು ಮೇಸ್ತ್ರಿ

ಬರ್ಮುಡಾ ಅಂತ ಕರೆಯುತ್ತಾರೆ. ಗಣಪತಿಗೆ ಏರಿಸುವ ನಮ್ಮ ಗರಿಕೆಯೇ! ಅದನ್ನು ಆಫ್ರಿಕಾದ ಒಂದು ಜಾತಿಯ ಜೊತೆ ಕೂಡಿಸಿ ಅಮೆರಿಕದ ಜಾರ್ಜಿಯಾದ ಟಿಫ್ಟನ್‌ನಲ್ಲಿ ಹೈಬ್ರಿಡ್ ಮಾಡಿದರು. ಟಿಫ್ವೇ, ಟಿಫ್‌ಡ್ವಾರ್ಫ್ ಅಂತ ಹೆಸರು ಕೇಳಿರಬಹುದು. ನೀವು ಹೊಲದಿಂದ ಕಿತ್ತು ಕಿತ್ತು ಸಾಕಾಗಿ ಬದುವಿಗೆ ಎಸೆಯುತ್ತೀರಲ್ಲ, ಅದರ ನೆಂಟನನ್ನು ನಾವು ಎಸಿ ರೂಮಿನ ರೋಗಿಯಂತೆ ಕಾಯುತ್ತೇವೆ. ಊರ ಗರಿಕೆ ಬೇಸಿಗೆಯಲ್ಲಿ ಒಣಗಿದ ಹಾಗೆ ಕಂಡರೂ ಸಾಯುವುದಿಲ್ಲ. ಒಂದು ಮಳೆ ಬಿದ್ದರೆ ಸಾಕು. ಅದನ್ನು ಒಣಗಲು ಬಿಡುವ ತಾಳ್ಮೆ ಆಡುವವರಿಗೆ ಇಲ್ಲ.

ಭೀಮಾ ದಂಡೆ (ಯಾದಗಿರಿ)

ಎಲ್ಲರೂ ಗ್ರೀನ್ ಗ್ರೀನ್ ಅನ್ನುತ್ತಿದ್ದೀರಿ. ಬ್ರೌನ್ ಬಗ್ಗೆ ಯಾರೂ ಮಾತೇ ಎತ್ತಲಿಲ್ಲವಲ್ಲ!

ನಮ್ಮ ಕಾಕಾ ಮಿಲಿಟರಿಯಲ್ಲಿ ಇದ್ದವರು. ನೀರು ಕಡಿಮೆ ಇರುವ ಕಂಟೋನ್ಮೆಂಟ್‌ಗಳಲ್ಲಿ ಹಿಂದೆ ಹೋಲ್ ಸುತ್ತ ಹುಲ್ಲೇ ಇರುತ್ತಿರಲಿಲ್ಲ ಅನ್ನುತ್ತಾರೆ. ದುಂಡಗೆ ನೆಲ ಗಟ್ಟಿ ಮಾಡಿ, ಮೇಲೆ ಸಣ್ಣ ಮರಳು ಹರಡಿ, ಅದು ಹಾರದಿರಲಿ ಅಂತ ಸ್ವಲ್ಪ ಎಣ್ಣೆ ಬೆರೆಸುತ್ತಿದ್ದರು. ಅದಕ್ಕೇ ಬ್ರೌನ್ ಅಂತ ಹೆಸರು. ಪಟ್ ಮಾಡುವ ಮೊದಲು ಬಾಲ್‌ನಿಂದ ಹೋಲ್‌ವರೆಗೆ ಒಂದು ಎಳೆಯುವ ಹಲಗೆಯಿಂದ ದಾರಿ ಸಮ ಮಾಡಿಕೊಳ್ಳುವುದು. ಎಲ್ಲರಿಗೂ ಒಂದೇ ಥರದ ದಾರಿ. ಪಾರ್ ಫೋರ್ ಸಾಹೇಬರ ದೂರಿಗೆ ಅಲ್ಲೇ ಔಷಧಿ ಇದೆ.

ಆಸ್ಟ್ರೇಲಿಯಾದಲ್ಲಿ ಕೂಬರ್ ಪೀಡಿ ಅಂತ ಓಪಲ್ ಗಣಿಗಳ ಊರು. ಬಿಸಿಲು ತಾಳಲಾರದೆ ಜನ ನೆಲದೊಳಗೆ ಮನೆ ಮಾಡಿಕೊಂಡಿದ್ದಾರೆ. ಅಲ್ಲಿಯ ಕೋರ್ಸ್‌ನಲ್ಲಿ ಒಂದು ಎಸಳು ಹುಲ್ಲಿಲ್ಲ. ಆಡುವವರು ಸಣ್ಣ ಕೃತಕ ಹುಲ್ಲಿನ ತುಂಡು ಕೈಯಲ್ಲಿ ಹಿಡಿದು ತಿರುಗುತ್ತಾರೆ, ಅದರ ಮೇಲೆ ಬಾಲ್ ಇಟ್ಟು ಹೊಡೆಯುತ್ತಾರೆ. ಆ ಕ್ಲಬ್ಬಿಗೂ ಸೇಂಟ್ ಆಂಡ್ರೂಸ್‌ಗೂ ಪರಸ್ಪರ ಆಡುವ ಒಪ್ಪಂದ ಇದೆ ಅಂದರೆ ನಂಬುತ್ತೀರಾ?

ನಮ್ಮ ಬಿಸಿಲು ಅವರಿಗಿಂತ ಏನು ಕಡಿಮೆ?

ಪಾರ್ ಫೋರ್

ಬ್ರೌನ್ ಮೇಲೆ ನಾನೂ ಆಡಿದ್ದೇನೆ, ಚಿಕ್ಕಂದಿನಲ್ಲಿ. ಹತ್ತಿರದಿಂದ ಮೆಲ್ಲಗೆ ಎತ್ತಿ ಚಿಪ್ ಶಾಟ್ ಹೊಡೆದರೆ ಬಾಲ್ ಎಲ್ಲಿ ನಿಲ್ಲುತ್ತದೆ ಅಂತ ದೇವರಿಗೇ ಗೊತ್ತು. ಕಲಿಯುವವರಿಗೆ ಸರಿ. ಅದನ್ನೇ ಕಲಿತು ದೊಡ್ಡ ಕೋರ್ಸ್‌ಗೆ ಹೋದರೆ ಮತ್ತೆ ಮೊದಲಿನಿಂದ ಕಲಿಯಬೇಕು. ಇದು ನನ್ನ ಅನುಭವ, ವಾದ ಅಲ್ಲ.

ಮಾಡುವುದಾದರೆ ಮಾಡಿ. ನನ್ನ ಹಳೆ ಐರನ್ ಸೆಟ್ (ಲೋಹದ ತಲೆಯ ಗಾಲ್ಫ್ ಕೋಲುಗಳು) ಒಂದು ಅಟ್ಟದ ಮೇಲೆ ಬಿದ್ದಿದೆ, ಕೊಡುತ್ತೇನೆ. ಹಿಡಿತದ ರಬ್ಬರ್ ಮಾತ್ರ ಬದಲಿಸಬೇಕು.

ಲೆಕ್ಕದ ಟೀಚರ್ (ಸೇಡಂ)

ಕಲಿಯುವವರಿಗೆ ಸರಿ ಅಂದಿರಲ್ಲ ಸರ್, ಅಷ್ಟು ಸಾಕಲ್ವಾ? ಬಿಡದಿ ಕಡೆಯ ಹಳ್ಳಿ ಹುಡುಗ ಚಿಕ್ಕರಂಗಪ್ಪ ಅಲ್ಲಿಯ ಈಗಲ್‌ಟನ್ ಕೋರ್ಸ್‌ನಲ್ಲಿ ಆಡಿ ಪ್ರೊಫೆಷನಲ್ ಆದರು. 1991ರಲ್ಲಿ ಇಂಡಿಯನ್ ಓಪನ್ ಗೆದ್ದ ಮೊದಲ ಭಾರತೀಯ ಅಲಿ ಶೇರ್ ದೆಹಲಿಯಲ್ಲಿ ಕ್ಯಾಡಿ ಆಗಿದ್ದವರು ಅಂತ ಓದಿದ್ದೇನೆ. ಮನೆ ಹತ್ತಿರ ಒಂದು ಕೋರ್ಸ್ ಇತ್ತು, ಅದಕ್ಕೇ ಆಟ ಸಿಕ್ಕಿತು. ನಮ್ಮ ಶಾಲೆಯ ಮಕ್ಕಳಿಗೆ ಏನು ಸಿಗುತ್ತದೆ?

ಹುಡುಗಿಯರಿಗೂ ಜಾಗ ಇರಬೇಕು. ಇದನ್ನು ಈಗಲೇ ಹೇಳಿಬಿಡುತ್ತೇನೆ.

ಹುಲ್ಲು ಮೇಸ್ತ್ರಿ

ಎರೆಮಣ್ಣಿನವರೇ, ಹಾಗಾದರೆ ಬ್ರೌನ್ ಮಾಡಿ. ಕೆಲವು ಮಾತು ನೆನಪಿಟ್ಟುಕೊಳ್ಳಿ.

ಎರೆಹೊಲ ಬೇಡ. ಬಿರುಕಿಗೆ ಬಾಲ್ ಬಿದ್ದರೆ ಸಿಗುವುದಿಲ್ಲ. ಬಿರುಕುಗಳನ್ನು ದುರಸ್ತಿಯಲ್ಲಿರುವ ನೆಲ ಅಂತ ಸಾರಿ ಪೆನಾಲ್ಟಿ ಇಲ್ಲದೆ ಬಾಲ್ ಪಕ್ಕಕ್ಕೆ ಹಾಕಲು ನಿಯಮದಲ್ಲಿ ದಾರಿ ಇದೆ, ಸರಿ. ಆದರೆ ಕಳೆದ ಬಾಲ್‌ಗೆ ದುಡ್ಡು ಯಾರು ಕೊಡುತ್ತಾರೆ? ಅಮೆರಿಕದಲ್ಲೇ ಒಳ್ಳೆ ಬಾಲ್ ಡಜನ್‌ಗೆ 50 ಡಾಲರ್ ದಾಟಿದೆ. ಮುರುಂ ಇರುವ ಬರಡು ದಿಬ್ಬ ಹುಡುಕಿ.

ಎಣ್ಣೆ ಹಾಕಲೇಬೇಡಿ. ಗ್ಯಾರೇಜಿನ ಸುಟ್ಟ ಆಯಿಲ್ ಪುಕ್ಕಟೆ ಸಿಗುತ್ತದೆ ಅಂತ ಯಾರಾದರೂ ಹೇಳುತ್ತಾರೆ. ಅದು ನೆಲಕ್ಕೆ ಇಳಿದು ಪಕ್ಕದವರ ಬೋರ್‌ವೆಲ್ ಕೆಡಿಸುತ್ತದೆ. ಶಹಾಬಾದ್ ಕಡೆ ಕಲ್ಲು ಕೊಯ್ಯುವಲ್ಲಿ ಸಣ್ಣ ಪುಡಿ ಉಳಿಯುತ್ತದಲ್ಲ, ಅದನ್ನು ಒಂದು ಬ್ರೌನ್‌ಗೆ ಹಾಕಿ, ಸ್ವಲ್ಪ ನೀರು ಚಿಮುಕಿಸಿ, ರೋಲರ್ ಹೊಡೆದು ನೋಡಿ. ಗಟ್ಟಿ ಕೂತರೆ ಉಳಿದದ್ದಕ್ಕೂ ಹಾಕಿ. ಮೇಲೆ ಎಳೆಯಲು ಹಳೆ ಗೋಣಿ ತಟ್ಟು ಸಾಕು.

ಫೇರ್‌ವೇಗೆ ಮಳೆಗಾಲದಲ್ಲಿ ಬಂದ ಹುಲ್ಲೇ ಹುಲ್ಲು. ಕೆಟ್ಟ ಜಾಗದಲ್ಲಿ ಬಾಲ್ ಎತ್ತಿ ಪಕ್ಕಕ್ಕೆ ಇಟ್ಟು ಹೊಡೆಯಲು ಬಿಡಿ. ಬಂಕರ್ ಮಾಡಬೇಡಿ. ಅದು ಆಟಗಾರನಿಗೆ ತೊಂದರೆ ಕೊಡಲಿಕ್ಕೆ ಅಂತ ಇರುವ ಗುಂಡಿ. ಓಕ್‌ಮಾಂಟ್‌ನಲ್ಲಿ ಹಿಂದೆ ಬೇಕಂತಲೇ ಸಾಲು ಬೀಳುವ ಹಾಗೆ ಕುಂಟೆ ಎಳೆಯುತ್ತಿದ್ದರು. ಈಗ ಎಲ್ಲರಿಗೂ ಅದರಲ್ಲೂ ಹಾಸಿಗೆಯಂಥ ಮರಳು ಬೇಕು. ಅದರ ಉಸಾಬರಿಯೇ ಬೇಡ.

ಕಂದು ಬಣ್ಣಕ್ಕೆ ನಾಚಿಕೆಪಡಬೇಡಿ. ಅಮೆರಿಕದ ಪೈನ್‌ಹರ್ಸ್ಟ್‌ನ ನಂಬರ್ 2 ಕೋರ್ಸ್‌ನಲ್ಲಿ 2010ರ ಹೊತ್ತಿಗೆ ಮೂವತ್ತಕ್ಕೂ ಜಾಸ್ತಿ ಎಕರೆ ಹುಲ್ಲು ಕಿತ್ತು ಹಾಕಿ, ಮರಳು, ಕಾಡುಹುಲ್ಲು ಇರಲಿ ಅಂತ ಬಿಟ್ಟರು. ನೀರಿನ ಸ್ಪ್ರಿಂಕ್ಲರ್‌ಗಳನ್ನು ಅರ್ಧಕ್ಕಿಂತ ಕಡಿಮೆ ಮಾಡಿದರು. 2014ರಲ್ಲಿ ಗಂಡಸರ, ಹೆಂಗಸರ ಯುಎಸ್ ಓಪನ್ ಎರಡೂ ಒಂದರ ಹಿಂದೆ ಒಂದು ಅಲ್ಲೇ ನಡೆದವು. ಟಿವಿ ನೋಡಿದ ಎಷ್ಟೋ ಮಂದಿ ಒಣಗಿ ಹೋಗಿದೆ ಅಂತ ಗೊಣಗಿದರು. ಆಡಿದವರಿಗೆ ಆಟ ಸಿಕ್ಕಿತು.

ಎರೆಮಣ್ಣಿನವ (ಕಲಬುರಗಿ)

ಎಲ್ಲರಿಗೂ ಧನ್ಯವಾದ. ಟ್ಯಾಂಕರ್ ಮಾತು ಬಿಟ್ಟೆ. ಆರು ಬ್ರೌನ್, ಮುರುಂ ದಿಬ್ಬ, ಎಣ್ಣೆ ಇಲ್ಲ. ಇಷ್ಟು ಗಟ್ಟಿ. ಕಮಲಾಪುರ ಕಡೆ ಒಂದು ಜಾಗ ನೋಡಿದ್ದೇವೆ, ಬಾಡಿಗೆ ಮಾತಾಡಬೇಕು. ಟೀಚರ್, ಮಕ್ಕಳಿಗೆ ಫೀ ಇರುವುದಿಲ್ಲ, ಹುಡುಗಿಯರಿಗೂ ಸೇರಿಸಿ. ಪಾರ್ ಫೋರ್ ಸರ್, ಐರನ್ ಸೆಟ್ ಯಾವತ್ತು ಬಂದು ಒಯ್ಯಲಿ?

ಈಗ ಸಿಕ್ಕಿಬಿದ್ದಿರುವುದು ರೋಲರ್‌ನಲ್ಲಿ. ಬಾಡಿಗೆಗೆ ಕೇಳಿದರೆ ರಸ್ತೆ ಕೆಲಸದ ದೊಡ್ಡ ರೋಲರ್ ತೋರಿಸುತ್ತಾರೆ. ಅಷ್ಟು ದೊಡ್ಡದು ದಿಬ್ಬದ ಮೇಲೆ ಹತ್ತುವುದಿಲ್ಲ. ಸಣ್ಣದು ಯಾರ ಹತ್ತಿರ ಇದೆ?

ಎನ್‌ವಿ ಗ್ರೌಂಡ್ ಓಪನರ್

ನಮ್ಮ ಟೀಮಿನ ಹತ್ತಿರ ಕೈಯಿಂದ ಎಳೆಯುವ ಹಳೆ ಪಿಚ್ ರೋಲರ್ ಇದೆ. ನಾಲ್ಕು ಮಂದಿ ಬೇಕು ಎಳೆಯಲು. ದೀಪಾವಳಿ ಆದ ಮೇಲೆ ನಮ್ಮ ಟೂರ್ನಿ ಶುರು, ಅಷ್ಟರೊಳಗೆ ವಾಪಸ್ ತಂದು ಬಿಡಬೇಕು. ಟ್ರ್ಯಾಕ್ಟರ್ ಬಾಡಿಗೆ ನಿಮ್ಮದು. ಬೇರಿಂಗ್ ಸದ್ದು ಮಾಡುತ್ತದೆ, ಗ್ರೀಸ್ ತರುವುದು ಮರೆಯಬೇಡಿ.